ಜೊಳ್ಳಾಗಲೆಂದೇ ಬಿಟ್ಟ ಪಟ್ಟೆ

2024ರ ನವೆಂಬರ್ ತಿಂಗಳು. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ನಾನು ಕೃಷಿ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಆ ಹಂತದಲ್ಲಿರುವ ಅಧಿಕಾರಿಯಿಂದ ಎಲ್ಲರೂ ಬಯಸುವುದು ಎರಡೇ: ಕೇಳಿದಲ್ಲಿ ಸಹಿ ಹಾಕಬೇಕು, ಯಾರ ತಂಟೆಗೂ ಹೋಗಬಾರದು. ಸಹಿ ಹಾಕುವುದು ನನಗೆ ಕಷ್ಟವಿರಲಿಲ್ಲ. ತಂಟೆಗೆ ಹೋಗದೆ ಇರುವುದು ಮಾತ್ರ ಇಡೀ ಸರ್ವಿಸ್‌ನಲ್ಲಿ ನನ್ನಿಂದ ಆಗಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ನರಸಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಗೋಣಿಚೀಲ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರಿನವರು. ಊರಿನ ಹೆಸರು ಇಲ್ಲಿ ಬೇಡ. ಐವತ್ತು ದಾಟಿದ ಹೆಂಗಸು, ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲ, ಮಾತು ಕಡಿಮೆ. ಆ ಊರಿನಲ್ಲಿ ಕಡಲೆಕಾಯಿ ಬಿತ್ತುವವರೆಲ್ಲ ಬೀಜಕ್ಕೆ ಅವರ ಮನೆಗೇ ಹೋಗುತ್ತಿದ್ದರು. ಮುಂಗಾರಿನಲ್ಲಿ ಒಂದು ಕೊಳಗ ಬೀಜದ ಕಾಯಿ ಕೊಟ್ಟರೆ ಬೆಳೆ ಕಿತ್ತ ಮೇಲೆ ಒಂದೂವರೆ ಕೊಳಗ ಹಿಂದಿರುಗಿಸಬೇಕು. ಇದು ಅವರ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಬಂದದ್ದರಲ್ಲಿ ಗಟ್ಟಿ ಕಾಯಿ ಆರಿಸಿ, ಒಣಗಿಸಿ, ಅಟ್ಟದ ಮೇಲೆ ಬೀಜಕ್ಕೆ ಇಡುತ್ತಿದ್ದರು. ಉಳಿದದ್ದು ಅವರ ಜೀವನಕ್ಕೆ. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಹೀಗೆಯೇ.

ನರಸಮ್ಮ ಒಳಗೆ ಬಂದು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ನನ್ನ ಮೇಜಿನ ಮೇಲೆ ಇಟ್ಟರು. ನೋಡಲು ಒಳ್ಳೆಯ ಕಾಯಿ, ಸಿಪ್ಪೆ ದಪ್ಪ, ಆಕಾರವೂ ಚೆನ್ನಾಗಿತ್ತು.

“ಒಡೀರಿ ಮೇಡಂ” ಎಂದರು.

ಒಡೆದೆ. ಒಳಗೆ ಏನೂ ಇರಲಿಲ್ಲ. ಇನ್ನೊಂದರಲ್ಲಿ ಸುಕ್ಕುಗಟ್ಟಿದ ಸಣ್ಣ ಕಾಳು. ಅದನ್ನು ಸೀಳಿದರೆ ಮೊಳಕೆ ಬರುವ ಕಣ್ಣು ಕಪ್ಪಾಗಿತ್ತು. ಹತ್ತು ಕಾಯಿ ಒಡೆದರೆ ಏಳೆಂಟು ಜೊಳ್ಳು.

ನಡೆದದ್ದನ್ನು ಅವರು ಹೇಳಿದರು. ಅದೇ ಊರಿನ ಮುನಿರಾಜು ಎಂಬ ರೈತ ಮುಂಗಾರಿನಲ್ಲಿ ಅವರಿಂದ ಬೀಜ ಪಡೆದಿದ್ದ. ಬೆಳೆ ಕಿತ್ತಾಗ ಕಾಯೆಲ್ಲ ಜೊಳ್ಳು. ಹಿಂದಿನ ವಾರ ಆತ ಈ ಚೀಲವನ್ನು ತಂದು ಅವರ ಅಂಗಳದಲ್ಲಿ ಸುರಿದು, “ತಗೋ ನಿನ್ ಒಂದೂವರೆ ಕೊಳಗ” ಎಂದು ಕೂಗಾಡಿ ಹೋಗಿದ್ದ. ಅಲ್ಲಿಗೆ ನಿಲ್ಲಿಸಲಿಲ್ಲ. ನರಸಮ್ಮ ಮಂಡಿಯಿಂದ ತಂದ ಅಗ್ಗದ ಕಾಯಿಯನ್ನು ಬೀಜದಲ್ಲಿ ಬೆರೆಸಿದ್ದಾರೆ, ತಮಗೆ ಬೇಕಾದವರಿಗೆ ಒಳ್ಳೆಯದು ಕೊಟ್ಟು ಬೇಡದವರಿಗೆ ಬೆರಕೆ ಕೊಟ್ಟಿದ್ದಾರೆ ಎಂದು ಮನೆಮನೆಗೆ ಹೋಗಿ ಹೇಳಿದ್ದ. ಇನ್ನೂ ಇಬ್ಬರ ಹೊಲದಲ್ಲಿ ಹೀಗೇ ಆಗಿದ್ದರಿಂದ ಮಾತಿಗೆ ಬಲ ಬಂದಿತ್ತು. ಊರಿನ ಹಿರಿಯರು ಕೂತು, ಬರುವ ಷಷ್ಠಿಯ ದಿನ ನರಸಮ್ಮ ಘಾಟಿಗೆ ಹೋಗಿ ಒದ್ದೆ ಸೀರೆಯಲ್ಲಿ ನಿಂತು, ಕರ್ಪೂರ ಹಚ್ಚಿ, ಬೀಜ ಬೆರೆಸಿಲ್ಲವೆಂದು ಪ್ರಮಾಣ ಮಾಡಬೇಕೆಂದು ತೀರ್ಮಾನಿಸಿದ್ದರು.

“ಪ್ರಮಾಣಕ್ಕೆ ನಾನೇನ್ ಹೆದ್ರಲ್ಲ ಮೇಡಂ. ತಪ್ಪು ಮಾಡಿದ್ರೆ ತಾನೇ? ಆದ್ರೆ ಆಣೆ ಇಕ್ಕಿ ಬೀಜ ಕೊಡೋ ಗತಿ ನಮ್ಮತ್ತೆಗೆ ಬಂದಿರ್ಲಿಲ್ಲ. ಈ ಕಾಯಿ ಯಾಕ್ ಹಿಂಗಾಯ್ತು, ಅದನ್ನ ಹೇಳಿ ನೀವು” ಎಂದರು. ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ನನಗೆ ಅದು ಹಿಡಿಸಿತು.

ಅದೇ ದಿನ ಊರಿಗೆ ಹೋದೆ. ಮೊದಲು ನೋಡಿದ್ದು ಬೆಳೆ ಚೆನ್ನಾಗಿ ಬಂದವರ ಹೊಲಗಳನ್ನು. ಅವೆಲ್ಲ ರಾಗಿ ಬೆಳೆಯುತ್ತಿದ್ದ ಹೊಲಗಳು. ಆಮೇಲೆ ಜೊಳ್ಳು ಬಂದ ಮೂರು ಹೊಲಗಳಿಗೆ ಹೋದೆ. ಮೂರೂ ಹಿಂದೆ ದ್ರಾಕ್ಷಿ ತೋಟಗಳಾಗಿದ್ದವು. ಚಪ್ಪರದ ಕಲ್ಲುಕಂಬಗಳನ್ನು ಬದುವಿನಲ್ಲಿ ಒಟ್ಟಿದ್ದರು, ಹನಿ ನೀರಾವರಿಯ ಪೈಪು ಇನ್ನೂ ಹಾಗೇ ಇತ್ತು. ಅನುಮಾನ ನನಗೆ ಅಲ್ಲೇ ಹುಟ್ಟಿತು.

ಮುನಿರಾಜು ಸಾಮಾನ್ಯ ರೈತನಲ್ಲ. ಸುತ್ತಮುತ್ತ ಆತನ ದ್ರಾಕ್ಷಿಗೆ ಹೆಸರಿತ್ತು. ಆಲಿಕಲ್ಲು ಮಳೆಗೆ ಚಪ್ಪರ ಹಾಳಾಗಿ, ಕೂಲಿಯವರು ದೊಡ್ಡಬಳ್ಳಾಪುರ ಕಡೆಯ ಫ್ಯಾಕ್ಟರಿಗಳಿಗೆ ಹೊರಟುಹೋದ ಮೇಲೆ ಬಳ್ಳಿ ತೆಗೆಸಿ, ಮೊದಲ ಸಲ ಕಡಲೆಕಾಯಿ ಬಿತ್ತಿದ್ದ. ಒಣಗಲು ಹಾಕಿದ್ದ ಗಿಡಗಳನ್ನು ತೋರಿಸಿ, “ನೋಡಿ ಮೇಡಂ, ಗಿಡ ಹೆಂಗ್ ಬಂದಿತ್ತು ಅಂತ. ನನ್ ಆರೈಕೇಲಿ ಏನಾದ್ರೂ ಕಮ್ಮಿ ಐತಾ?” ಎಂದ. ಗಿಡಗಳು ನಿಜವಾಗಿಯೂ ದಟ್ಟವಾಗಿ ಬೆಳೆದಿದ್ದವು.

“ಗೊಬ್ಬರ ಏನ್ ಕೊಟ್ರಿ?” ಎಂದೆ.

“ಬಿತ್ತುವಾಗ ಡಿಎಪಿ. ಕಾಯಿ ಕಟ್ಟೋ ಹೊತ್ಗೆ ಡ್ರಿಪ್ಪಲ್ಲಿ ಪೊಟ್ಯಾಷು, ಚೆನ್ನಾಗಿ. ದ್ರಾಕ್ಷಿಗೆ ಆ ಟೈಮಲ್ಲಿ ಪೊಟ್ಯಾಷ್ ಕೊಡ್ದಿದ್ರೆ ಸಿಹಿ ಬರ್ತದಾ? ಇದೂ ಕಾಯೇ ಅಲ್ವಾ ಮೇಡಂ?”

ಸಮಸ್ಯೆ ಅಲ್ಲೇ ಇತ್ತು. ಸ್ವಲ್ಪ ವಿವರಿಸಬೇಕು. ಮಿಕ್ಕ ಬೆಳೆಗಳು ಬೇಕಾದದ್ದನ್ನೆಲ್ಲ ಬೇರಿನಿಂದ ಎಳೆದುಕೊಂಡು ಕಾಯಿಗೆ ಕಳಿಸುತ್ತವೆ. ಕಡಲೆಕಾಯಿಯ ರೀತಿ ಬೇರೆ. ಹೂವು ನೆಲದ ಮೇಲೆ ಅರಳುತ್ತದೆ. ಆಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಮಣ್ಣಿಗೆ ಇಳಿದು, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಇದಕ್ಕೆ ಊಡು ಇಳಿಯುವುದು ಎನ್ನುತ್ತಾರೆ. ಕಾಳು ತುಂಬಲು ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆ ಎಲೆಗೆ ಏರಿಹೋಗುತ್ತದೆ, ಅಲ್ಲಿಂದ ಕೆಳಗಿನ ಕಾಯಿಗೆ ಇಳಿದು ಬರುವುದಿಲ್ಲ. ಹಾಗಾಗಿ ಮಣ್ಣಿನೊಳಗಿನ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಎರಡು ಮೂರು ಇಂಚು ಮಣ್ಣಿನಿಂದ ಸಿಪ್ಪೆಯ ಮೂಲಕ ತಾನೇ ಹೀರಿಕೊಳ್ಳಬೇಕು. ಆ ಮೇಲ್ಮಣ್ಣಿನಲ್ಲಿ ಪೊಟ್ಯಾಷ್ ವಿಪರೀತವಾಗಿದ್ದರೆ ಇರುವ ಅಷ್ಟಿಷ್ಟು ಕ್ಯಾಲ್ಸಿಯಂ ಕೂಡ ಕಾಯಿಗೆ ದಕ್ಕುವುದಿಲ್ಲ. ಗಿಡ ಹಸಿರಾಗಿ ಬೆಳೆಯುತ್ತದೆ, ಸಿಪ್ಪೆಯೂ ಬೆಳೆಯುತ್ತದೆ, ಒಳಗೆ ಕಾಳಿಲ್ಲ. ಕಾಳೇ ಇಲ್ಲದ ಮೇಲೆ ಎಣ್ಣೆಯ ಮಾತು ಎಲ್ಲಿಂದ ಬಂತು?

ಅನುಮಾನ ಸಾಲದು, ಆಧಾರ ಬೇಕಿತ್ತು. ಮಾಮೂಲಿ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳನ್ನು ಕೊಡುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಆದ್ದರಿಂದ ಮೂರು ಹೊಲಗಳ ಮೇಲ್ಮಣ್ಣನ್ನಷ್ಟೇ ಕೆರೆದು ತೆಗೆದು, ಪ್ರಯೋಗಾಲಯಕ್ಕೆ ನಾನೇ ಕೊಂಡೊಯ್ದು ಕ್ಯಾಲ್ಸಿಯಂ ನೋಡಿಕೊಡಿ ಎಂದು ಹಟ ಹಿಡಿದೆ. ಜೊತೆಗೆ ಹೋಲಿಸಲು ಒಂದು ರಾಗಿ ಹೊಲದ ಮಣ್ಣು. ಫಲಿತಾಂಶ ನಾನೆಣಿಸಿದಂತೆಯೇ ಬಂತು. ದ್ರಾಕ್ಷಿ ಇದ್ದ ಮೂರೂ ಹೊಲಗಳಲ್ಲಿ ಪೊಟ್ಯಾಷ್ ಬೇಕಾದ್ದಕ್ಕಿಂತ ಬಹಳ ಹೆಚ್ಚು, ಮಣ್ಣು ಹುಳಿ, ಕ್ಯಾಲ್ಸಿಯಂ ತೀರ ಕಡಿಮೆ.

ಅಷ್ಟರಲ್ಲಿ ಷಷ್ಠಿ ಹತ್ತಿರ ಬಂದಿತ್ತು. ಹಿಂದಿನ ದಿನ ಊರಿನ ಅರಳಿಕಟ್ಟೆಗೆ ಹೋದೆ. ಹಿರಿಯರಾದ ಪಿಳ್ಳಪ್ಪನವರು, ಮುನಿರಾಜು, ನರಸಮ್ಮ, ಇನ್ನೂ ಒಂದಷ್ಟು ಜನ ಸೇರಿದ್ದರು. ನಾನು ಪೊಟ್ಯಾಷ್, ಕ್ಯಾಲ್ಸಿಯಂ ಎಂದು ವಿವರಿಸಿದೆ. ಎಲ್ಲರೂ ಕೇಳಿದರು, ಯಾರಿಗೂ ನಂಬಿಕೆ ಬರಲಿಲ್ಲ. ಪಿಳ್ಳಪ್ಪನವರು ಮಾತ್ರ ಸಮಾಧಾನದಿಂದ, “ನೀವ್ ಹೇಳಾದೇನೋ ಸರಿ ಇರಬೋದು ಮೇಡಂ. ಆಯಮ್ಮ ಒಂದ್ ಪ್ರಮಾಣ ಮಾಡ್ಬಿಡ್ಲಿ, ಊರಲ್ಲಿ ಮಾತು ನಿಂತೋಯ್ತದೆ” ಎಂದರು.

“ಮಾಡಿದ್ರು ಅಂತಾನೇ ಇಟ್ಕೊಳ್ಳಿ. ಮುಂದಿನ ಮುಂಗಾರಿಗೆ ಇದೇ ಹೊಲಕ್ಕೆ ಇದೇ ಗೊಬ್ಬರ ಬಿದ್ದು ಮತ್ತೆ ಜೊಳ್ಳು ಬಂದ್ರೆ ಏನಂತೀರಿ? ಸುಳ್ಳು ಪ್ರಮಾಣ ಮಾಡಿದ್ಲು, ಘಾಟಿ ಸುಬ್ಬಪ್ಪನೇ ತೋರಿಸ್ಬಿಟ್ಟ ಅಂತೀರಿ. ಆಗ ಆಯಮ್ಮ ಈ ಊರಲ್ಲಿ ಬದುಕೋದು ಹೇಗೆ?”

ನಾನು ಮುಂದುವರಿಸಿದೆ. ಬೇಸಿಗೆ ಬೆಳೆಗೆ ಮುನಿರಾಜುವಿನ ಹೊಲದಲ್ಲೇ ಪರೀಕ್ಷೆ ಮಾಡೋಣ, ಜನವರಿಯಲ್ಲಿ ಬಿತ್ತಿದರೆ ಮುಂಗಾರಿನ ಬಿತ್ತನೆಗೆ ಮೊದಲೇ ಉತ್ತರ ಸಿಗುತ್ತದೆ, ಡ್ರಿಪ್ ಇರುವುದರಿಂದ ಮಳೆಯ ನೆಪವೂ ಇರುವುದಿಲ್ಲ ಎಂದೆ. ಮುನಿರಾಜು ಎದ್ದು ನಿಂತ.

“ಆ ಬೀಜ ಇನ್ನೊಂದ್ಸಲ ನನ್ ಹೊಲಕ್ಕೆ ಬೀಳಲ್ಲ. ಬೇಕಾದ್ರೆ ನಿಮ್ ಆಫೀಸ್ ಮುಂದೆ ಹಾಕ್ಕೊಳ್ಳಿ.”

“ಬೇಡ ಬಿಡಿ. ನಿಮ್ಮ ಮಣ್ಣು ಕೆಟ್ಟಿದೆ ಅಂತ ನಾನು ಬರೆದುಕೊಂಡು ಹೋಗ್ತೀನಿ” ಎಂದೆ.

ಸುಳ್ಳೇನಲ್ಲ, ಆದರೆ ಕೆಣಕಲೆಂದೇ ಹೇಳಿದೆ. ದ್ರಾಕ್ಷಿ ಬೆಳೆದವನ ಮಣ್ಣನ್ನು ಹಳಿದರೆ ಆತ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತಿತ್ತು. “ನನ್ ಮಣ್ಣಾ? ನನ್ ಮಣ್ಣು ಕೆಟ್ಟಿದ್ಯಾ? ಹಾಕಿ ಮೇಡಂ, ಹಾಕಿ. ಎಲ್ರೂ ನೋಡೇಬಿಡ್ಲಿ” ಎಂದ. ಬೆಳೆ ಕೀಳುವವರೆಗೆ ಪ್ರಮಾಣ ಬೇಡವೆಂದೂ, ಊರವರ ಮುಂದೆಯೇ ಕೀಳಬೇಕೆಂದೂ ಪಿಳ್ಳಪ್ಪನವರು ಹೇಳಿದರು.

ಕಚೇರಿಗೆ ವಾಪಸ್ಸು ಬಂದಾಗ ಸಹೋದ್ಯೋಗಿಯೊಬ್ಬರು, “ರಿಟೈರ್ಮೆಂಟ್ ಹತ್ತಿರ ಯಾಕೆ ಮೇಡಂ ಈ ತಲೆನೋವು?” ಎಂದು ಕೇಳಿದರು. ತಲೆ ಇರುವವರೆಗೆ ನೋವೂ ಇರುತ್ತದೆ ಎಂದು ಹೇಳಿ ಬಿತ್ತನೆಯ ಲೆಕ್ಕ ಹಾಕಲು ಕೂತೆ.

ಸಂಕ್ರಾಂತಿ ಕಳೆದ ವಾರ ಬಿತ್ತಿದೆವು. ಹೊಲವನ್ನು ನಾಲ್ಕು ಪಟ್ಟೆಗಳಾಗಿ ಮಾಡಿದೆ. ಎರಡಕ್ಕೆ ನರಸಮ್ಮನವರ ಬೀಜ, ಎರಡಕ್ಕೆ ಹೊರಗಿನಿಂದ ತರಿಸಿದ ಅದೇ ತಳಿಯ ಪ್ರಮಾಣಿತ ಬೀಜ. ಎರಡೂ ಬೀಜಗಳಲ್ಲಿ ಒಂದೊಂದು ಪಟ್ಟೆಗೆ ಕ್ಯಾಲ್ಸಿಯಂ ಇರುವ ಜಿಪ್ಸಂ ಪುಡಿ ಕೊಡುವುದು, ಒಂದೊಂದಕ್ಕೆ ಕೊಡದೆ ಬಿಡುವುದು. ಪೊಟ್ಯಾಷ್ ಯಾವುದಕ್ಕೂ ಇಲ್ಲ. ಮಣ್ಣಿನಲ್ಲಿ ಈಗಾಗಲೇ ಇದ್ದದ್ದೇ ಧಾರಾಳವಾಗಿತ್ತು. ದೋಷ ಬೀಜದಲ್ಲಿದ್ದರೆ ನರಸಮ್ಮನವರ ಎರಡೂ ಪಟ್ಟೆ ಸೋಲಬೇಕು. ದೋಷ ಮಣ್ಣಿನಲ್ಲಿದ್ದರೆ ಜಿಪ್ಸಂ ಇಲ್ಲದ ಎರಡು ಪಟ್ಟೆ, ಬೀಜ ಯಾರದ್ದೇ ಆಗಿರಲಿ, ಸೋಲಬೇಕು. ಇದನ್ನು ಕಟ್ಟೆಯ ಮೇಲೆ ಎಲ್ಲರಿಗೂ ಮೊದಲೇ ಹೇಳಿದ್ದೆ.

ಹೂವು ಕಾಣಿಸಿಕೊಂಡು ಊಡು ಇಳಿಯತೊಡಗಿದಾಗ ಎಕರೆಗೆ ಎರಡು ಕ್ವಿಂಟಲ್ ಲೆಕ್ಕದಲ್ಲಿ ಜಿಪ್ಸಂ ಹಾಕಿದೆವು. ಗಿಡದ ಬುಡದ ಎರಡೂ ಕಡೆ ಚೆಲ್ಲಿ, ಮೇಲ್ಮಣ್ಣಿನಲ್ಲಿ ಬೆರೆಸಿ, ಬುಡಕ್ಕೆ ಮಣ್ಣೇರಿಸಿದೆವು. ಆಮೇಲೆ ಮಣ್ಣು ಕೆದಕುವಂತಿಲ್ಲ. ಕೆದಕಿದರೆ ಊಡು ಕಿತ್ತುಹೋಗುತ್ತದೆ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಜೊತೆಗೆ ಗಂಧಕವೂ ಇರುವುದರಿಂದ ಎಣ್ಣೆಕಾಳಿಗೆ ಅದರಿಂದ ಎರಡು ಲಾಭ. ಮುನಿರಾಜು ಆ ಬಿಳಿ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ ನಕ್ಕ. “ಇದು ಬೆಂಗ್ಳೂರಲ್ಲಿ ಮನೆ ಸೀಲಿಂಗ್‌ಗೆ ಬಳಿಯೋದಲ್ವಾ ಮೇಡಂ? ಕಾಯೊಳಗೆ ಕಾಳು ಬದ್ಲು ಗೋಡೆ ಎದ್ದೀತು, ನೋಡ್ಕಳಿ.” ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ, ಒಳಗೊಳಗೆ ಉರಿದುಹೋಯಿತು.

ಮಾರ್ಚ್ ತಿಂಗಳಲ್ಲಿ ನಾಲ್ಕೂ ಪಟ್ಟೆ ಒಂದೇ ಸಮ ಹಸಿರಾಗಿದ್ದವು. ಈ ಕೊರತೆಯ ತೊಂದರೆಯೇ ಅದು. ಎಲೆ ನೋಡಿ ಹೇಳುವಂತಿಲ್ಲ. ದಿನಾ ಹೊಲದ ಬದಿಯಲ್ಲಿ ಹೋಗುವವರು ವ್ಯತ್ಯಾಸವೇನೂ ಇಲ್ಲವೆಂದು ಮಾತಾಡಿಕೊಳ್ಳತೊಡಗಿದರು.

ಒಂದು ಮಧ್ಯಾಹ್ನ ಹೊಲ ನೋಡಲು ಹೋದಾಗ ನರಸಮ್ಮ ಅಲ್ಲಿದ್ದರು. ಜಿಪ್ಸಂ ಕೊಡದೆ ಬಿಟ್ಟಿದ್ದ ತಮ್ಮ ಪಟ್ಟೆಯ ಪಕ್ಕದಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಬಾಂಡ್ಲಿ, ಅದರ ತುಂಬ ಜಿಪ್ಸಂ. ಉಳಿದ ಚೀಲವನ್ನು ಬದುವಿನ ಕೊಟ್ಟಿಗೆಯಲ್ಲಿ ಇಟ್ಟಿದ್ದೆವು, ಅಲ್ಲಿಂದ ತುಂಬಿಕೊಂಡು ಬಂದಿದ್ದರು. ಇನ್ನೂ ಚೆಲ್ಲಿರಲಿಲ್ಲ.

“ಇಳಿಸಿ ಕೆಳಗೆ” ಎಂದೆ.

“ಒಂದೇ ಒಂದ್ ಸಾಲಿಗೆ ಮೇಡಂ.”

“ಒಂದು ಗಿಡಕ್ಕೂ ಬೇಡ.”

ಅವರು ಬಾಂಡ್ಲಿಯನ್ನು ಇಳಿಸಲಿಲ್ಲ. “ನಾನು ಆರ್ಸಿ ಆರ್ಸಿ ಇಟ್ಟಿದ್ ಬೀಜ. ಅದು ಊಡು ಬಿಟ್ಟು ಒಳಗೊಳಗೆ ಹಸ್ಕೊಂಡೈತೆ. ಏನು ಕೊಟ್ರೆ ತುಂಬ್ಕೊತದೆ ಅಂತ ಗೊತ್ತಿದ್ದೂ ನಾನ್ ಕೈ ಕಟ್ಕೊಂಡ್ ಕೂತ್ಕೋಬೇಕಾ? ಬೆಳೆಯೋಳು ಮಾಡೋ ಕೆಲ್ಸಾನಾ ಇದು?”

ಇಷ್ಟು ವರ್ಷ ರೈತರಿಗೆ ಹಾಕಿ ಹಾಕಿ ಎಂದು ಹೇಳಿದ್ದೇ ಹೆಚ್ಚು; ಬೆಳೆ ಹಾಳಾಗಲು ಬಿಡಿ ಎಂದು ಯಾರಿಗೂ ಹೇಳಿರಲಿಲ್ಲ. ಆದರೂ ಹೇಳಿದೆ. “ನರಸಮ್ಮ, ಈ ಪಟ್ಟೆ ತುಂಬಿಕೊಂಡರೆ ಪುಡಿಯಿಂದ ಏನೂ ಆಗಿಲ್ಲ ಅಂತಾರೆ. ಹೊರಗಿನ ಬೀಜ ಜೊಳ್ಳಾಗಿ ನಿಮ್ಮದು ಮಾತ್ರ ತುಂಬಿದ್ದರೆ ರಾತ್ರಿ ಬಂದು ಏನೋ ಮಾಡಿದ್ಲು ಅಂತಾರೆ. ನಿಮ್ಮ ಬೀಜ ಇಲ್ಲಿ ಸೋಲಲೇಬೇಕು. ಇಲ್ಲಿ ಸೋತು ಪಕ್ಕದಲ್ಲಿ ಗೆದ್ದರೆ ಮಾತ್ರ ನಿಮ್ಮ ಮೇಲಿನ ಮಾತು ಹೋಗುತ್ತೆ.”

ಅವರು ಕೊಟ್ಟಿಗೆಗೆ ಹೋಗಿ ಜಿಪ್ಸಂ ಅನ್ನು ಚೀಲಕ್ಕೆ ಸುರಿದು, ಕೈ ಒರೆಸಿಕೊಂಡು, ನನ್ನ ಕಡೆ ತಿರುಗದೆ ಊರಿನ ದಾರಿ ಹಿಡಿದರು. ಬೆಳೆ ಕೀಳುವವರೆಗೆ ಮತ್ತೆ ಆ ಕಡೆ ಬರಲಿಲ್ಲ.

ಭರಣಿ ಮಳೆ ಒಂದು ಹದ ಬಿದ್ದ ಮೇಲೆ, ಮೇ ತಿಂಗಳ ಮೊದಲ ವಾರ, ಕೀಳುವ ದಿನ ಗೊತ್ತುಮಾಡಿದೆವು. ಊರಿನ ಅರ್ಧ ಜನ ಬದುವಿನ ಮೇಲೆ ನಿಂತಿದ್ದರು. ವಿಜ್ಞಾನ ಗೊತ್ತಿದ್ದರೂ ಮಣ್ಣಿನೊಳಗೆ ಏನಾಗಿದೆ ಎಂದು ಕಿತ್ತು ನೋಡುವವರೆಗೆ ಯಾರೂ ಹೇಳಲಾರರು. ನಾನು ತಪ್ಪಿದ್ದರೂ ಜೂನ್ ತಿಂಗಳಲ್ಲಿ ನಿವೃತ್ತಿಯ ಹೂಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದೆ. ನರಸಮ್ಮ ಅದೇ ಊರಿನಲ್ಲಿ ಇರಬೇಕಿತ್ತು.

ಜಿಪ್ಸಂ ಕೊಟ್ಟ ಪಟ್ಟೆಯಿಂದ ಶುರುಮಾಡೋಣ ಎಂದೆ. ನರಸಮ್ಮ ಬೇಡವೆಂದರು. ನೇರವಾಗಿ ಜಿಪ್ಸಂ ಇಲ್ಲದ ತಮ್ಮ ಬರಿಯ ಪಟ್ಟೆಗೆ ಇಳಿದು, ನಾಲ್ಕು ಗಿಡ ಕಿತ್ತು, ಮಣ್ಣು ಕೊಡವಿ, ಪಿಳ್ಳಪ್ಪನವರ ಮುಂದೆ ಹಾಕಿದರು. ಪಿಳ್ಳಪ್ಪನವರು ಒಂದೊಂದೇ ಕಾಯಿ ಒಡೆದರು. ಜೊಳ್ಳು, ಜೊಳ್ಳು, ಒಂದು ಸುಕ್ಕಿದ ಕಾಳು, ಮತ್ತೆ ಜೊಳ್ಳು.

“ನೋಡುದ್ರಾ?” ಎಂದು ಮುನಿರಾಜು ಜನರ ಕಡೆ ತಿರುಗಿದ. “ನಾನು ಅವತ್ತೇ ಅಂದಿದ್ನೋ ಇಲ್ವೋ?”

“ಮುಗೀಲಿ ತಡಿ” ಎಂದರು ಪಿಳ್ಳಪ್ಪನವರು.

ಎರಡನೆಯದು ಹೊರಗಿನ ಬೀಜದ ಬರಿಯ ಪಟ್ಟೆ. ಇದನ್ನು ಮುನಿರಾಜುವಿನ ಕೈಯಿಂದಲೇ ಕೀಳಿಸಿದೆ. ಆತ ಒಡೆದ ಮೊದಲ ಕಾಯಿ ಜೊಳ್ಳು. ಎರಡನೆಯದು ಜೊಳ್ಳು. ಇನ್ನೊಂದು ಗಿಡ ಕಿತ್ತ. ಇನ್ನೂ ಒಂದು. ಎಲ್ಲವೂ ಜೊಳ್ಳೇ.

ಮೂರನೆಯದು, ನಾಲ್ಕನೆಯದು ಜಿಪ್ಸಂ ಬಿದ್ದ ಪಟ್ಟೆಗಳು. ಅಲ್ಲಿ ಕಿತ್ತ ಗಿಡದ ತೂಕವೇ ಕೈಗೆ ಬೇರೆಯಾಗಿ ತಿಳಿಯುತ್ತಿತ್ತು. ನರಸಮ್ಮನವರ ಬೀಜದ್ದೂ ಹೊರಗಿನದ್ದೂ ಎರಡೂ ತುಂಬಿದ್ದವು. ಅಲ್ಲೊಂದು ಇಲ್ಲೊಂದು ಜೊಳ್ಳು ಬಿಟ್ಟರೆ ಎಲ್ಲ ಕಾಯಿಯಲ್ಲೂ ಕೆಂಪು ಸಿಪ್ಪೆಯ ದಪ್ಪ ಕಾಳು. ಜನ ಹೊಲಕ್ಕೇ ಇಳಿದುಬಿಟ್ಟರು. ಪ್ರತಿಯೊಬ್ಬರಿಗೂ ತಾವೇ ಕಿತ್ತು ತಾವೇ ಒಡೆಯಬೇಕಿತ್ತು. ಸಾಕ್ಷಿಯಾಗಿ ಉಳಿಯಬೇಕಿದ್ದ ಬೆಳೆಯಲ್ಲಿ ಒಂದಷ್ಟು ಅಲ್ಲೇ ಹೊಟ್ಟೆ ಸೇರಿತು. ನಾನು ಬದುವಿನ ಮೇಲೆ ಕೂತು ನೀರು ಕುಡಿದೆ. ಅಷ್ಟು ಸಂತೋಷ ನನಗೆ ಯಾವ ಬಡ್ತಿಯಲ್ಲೂ ಆಗಿರಲಿಲ್ಲ.

ಮುನಿರಾಜು ಎರಡೂ ಕೈಯಲ್ಲಿ ಗಿಡ ಹಿಡಿದುಕೊಂಡು ನರಸಮ್ಮನವರ ಎದುರು ಬಂದು ನಿಂತ. “ನರಸಕ್ಕ, ಬಾಯಿಗ್ ಬಂದಂಗೆ ಅಂದ್ಬಿಟ್ಟೆ. ನಾನೇ ಸುರಿದು ಸುರಿದು ಹಾಳ್ ಮಾಡ್ಕೊಂಡಿದ್ದೀನಿ. ಮನಸ್ಸಲ್ಲಿ ಇಟ್ಕೋಬೇಡ ಕಣಕ್ಕ.”

ನರಸಮ್ಮ ಅಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. “ನಂಗಂದಿದ್ದು ನಾನ್ ನುಂಗ್ಕೊತೀನಿ ಬಿಡು. ಅವತ್ತು ಮನೆಮನೆಗೋಗಿ ಹೇಳಿದ್ಯಲ್ಲ ಮುನಿರಾಜ, ಅವೇ ಮನೆಗೆ ಹೋಗಿ ಇದನ್ನೂ ಹೇಳ್ಬಾ. ಇಲ್ಲಿ ಬರ್ದೇ ಇರೋರೂ ಅವ್ರೆ.”

ಆತ ತಲೆಯಾಡಿಸಿದ. ಒಂದು ಕೈಯಲ್ಲಿ ಜೊಳ್ಳು ಗಿಡ, ಇನ್ನೊಂದರಲ್ಲಿ ತುಂಬಿದ ಗಿಡ ಹಿಡಿದು, ಕಾಲಿನ ಕೆಸರನ್ನೂ ತೊಳೆಯದೆ ಊರೊಳಕ್ಕೆ ಹೋದ. ಮೊದಲ ಮನೆಯ ಮುಂದೆ ನಿಂತು ಕೂಗುವುದು ಹೊಲದವರೆಗೂ ಕೇಳಿಸಿತು. ಹೆಸರುಳ್ಳ ಮನುಷ್ಯ ಊರಿನ ಮುಂದೆ ಹೀಗೆ ತಿರುಗುವುದು ಸಣ್ಣ ಮಾತಲ್ಲ. ಅವತ್ತಿನಿಂದ ಆತನ ಮೇಲೆ ನನಗೆ ಗೌರವ ಬಂತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬೆಳೆ ಸೋತಾಗ ಜನ ಮೊದಲು ಹುಡುಕುವುದು ಕಾರಣವನ್ನಲ್ಲ, ಬೈಯಲು ಒಬ್ಬರನ್ನು. ಕಾರಣ ಹೇಳಲು ಮಣ್ಣಿಗೆ ಒಂದು ಬೆಳೆಯಷ್ಟು ಕಾಲ ಬೇಕು, ಬೈಯಲು ಅರ್ಧ ಗಂಟೆ ಸಾಕು. ಆ ನಡುವಿನ ತಿಂಗಳುಗಳಲ್ಲಿ ಗಟ್ಟಿಯಾಗಿ ನಿಲ್ಲುವುದಕ್ಕೇ ಸರ್ಕಾರ ನಮಗೆ ಸಂಬಳ ಕೊಡುತ್ತದೆ ಎಂದು ನಾನು ತಿಳಿದಿದ್ದೇನೆ. ಗೊಬ್ಬರದ ವಿಷಯವೂ ಹೀಗೆಯೇ. ಪ್ರೀತಿಯಿಂದ ಕೊಟ್ಟರೆ ಸಾಲದು; ಯಾವ ಬೆಳೆಗೆ, ಯಾವ ಹೊತ್ತಿನಲ್ಲಿ, ಎಲ್ಲಿ ಕೊಡಬೇಕು ಎಂದು ವಿಚಾರಿಸಿ ಕೊಡಬೇಕು.

ನಾನು ಜೂನ್ ಕೊನೆಗೆ ನಿವೃತ್ತಳಾದೆ. ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನರಸಮ್ಮನವರ ಫೋನ್ ಬಂತು. ಹಿಂದೆ ಏನೋ ಗಲಾಟೆ, ಹೆಂಗಸರ ನಗು.

“ಮೇಡಂ, ಒಂದ್ ಉಪಕಾರ ಆಗ್ಬೇಕಲ್ಲ. ನಿಮ್ ಹಳೇ ಆಫೀಸಲ್ಲಿ ಕಡ್ಲೆಕಾಯಿ ಬೀಜ ಒಂದ್ ಮೂಟೆ ಕೊಡಿಸ್ತೀರಾ?”

“ನಿಮಗ್ಯಾಕೆ ಬೀಜ?” ಎಂದೆ ಆಶ್ಚರ್ಯದಿಂದ.

“ಊರೋರೆಲ್ಲ ಬೀಜಕ್ಕೆ ಬಂದು ಅಟ್ಟ ಗುಡಿಸ್ಕೊಂಡ್ ಹೋಗ್ಬಿಟ್ರು ಮೇಡಂ. ನನ್ ಹೊಲಕ್ಕೇ ಬೀಜ ಉಳಿಸ್ಲಿಲ್ಲ!”